ಅಲಿ ಬರೀದನ ಕಾಲದ ಚುಕ್ಕಿ

ನವೆಂಬರಿನಲ್ಲಿ ಕಲಬುರಗಿಯಿಂದ ರೈಲು ಹತ್ತಿ, ಹುಮನಾಬಾದ್ ದಾಟಿ ಬೀದರಿಗೆ ಹೋದೆ. ಕೋಟೆ, ಗವಾನನ ಮದರಸಾ ಮಧ್ಯಾಹ್ನದೊಳಗೆ ಮುಗಿದವು. ಸಂಜೆಯನ್ನು ಊರಿನ ಪಶ್ಚಿಮಕ್ಕಿರುವ ಬರೀದ್ ಶಾಹಿ ಸುಲ್ತಾನ ಅಲಿ ಬರೀದನ ಗೋರಿಗೆಂದೇ ಉಳಿಸಿಕೊಂಡಿದ್ದೆ. ಬದುಕಿದ್ದಾಗಲೇ ಕಟ್ಟಿಸಿಕೊಂಡ ಗೋರಿ ಅದು. ನಾಲ್ಕೂ ಕಡೆ ತೆರೆದ ಎತ್ತರದ ಕಮಾನುಗಳು. ನುಣುಪಾದ ಕರಿಕಲ್ಲಿನ ಸಮಾಧಿಯ ಮೇಲೆ ಗಾಳಿ ಸರಾಗವಾಗಿ ಹಾಯುತ್ತದೆ. ಬೀದರಿನಲ್ಲಿ ನನಗೆ ಇದಕ್ಕಿಂತ ಚೆಂದದ ಕಟ್ಟಡ ಇಲ್ಲ.

ಈತ ಆಳುತ್ತಿದ್ದಾಗಲೇ, 1572ರ ನವೆಂಬರಿನಲ್ಲಿ, ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದಲ್ಲಿ ಹೊಸ ಚುಕ್ಕಿಯೊಂದು ಶುಕ್ರನಷ್ಟು ಪ್ರಖರವಾಗಿ ಬೆಳಗಿತು. ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಅದನ್ನು ಅಳೆದು ಬರೆದಿಟ್ಟ. ಸಿಡಿದ ಆ ನಕ್ಷತ್ರದ ಅವಶೇಷ ಇಂದು ಬರಿಗಣ್ಣಿಗೆ ಕಾಣದು. ಆದರೆ ಅದರ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದಿರುವುದರಿಂದ ಎಕ್ಸ್‌-ರೇಯಲ್ಲಿ ಧಗಧಗಿಸುತ್ತದೆ.

ರಾತ್ರಿ ಅಣ್ಣನ ಮನೆಯ ಮಾಳಿಗೆ ಮೇಲೆ ನಿಂತು ಉತ್ತರಕ್ಕೆ ಕುಂತಿಯನ್ನು ತೋರಿಸಿದೆ. ಅಣ್ಣನ ಮಗಳು ಬಿಎಸ್ಸಿ ಓದುತ್ತಾಳೆ.

"ಯಾರೂ ಬರೆದಿಡದಿದ್ರ ವಯಸ್ಸು ಹ್ಯಾಂಗ ಗೊತ್ತಾತಿತ್ತು ಕಾಕಾ?"

ನಾಸಾದ ಬಾಹ್ಯಾಕಾಶ ದೂರದರ್ಶಕ ಚಂದ್ರಾ 2000ದಿಂದ 2015ರ ವರೆಗೆ ಮತ್ತೆ ಮತ್ತೆ ತೆಗೆದ ಎಕ್ಸ್‌-ರೇ ಚಿತ್ರಗಳನ್ನು ಹೋಲಿಸಿದರೆ, ಅವಶೇಷದ ಅಂಚು ವರ್ಷಕ್ಕೆ ಸುಮಾರು 0.3 ಆರ್ಕ್‌ಸೆಕೆಂಡ್ ಸರಿದಿರುವುದು ತಿಳಿಯುತ್ತದೆ (ಒಂದು ಡಿಗ್ರಿಯ 3,600ನೇ ಒಂದು ಪಾಲೇ ಆರ್ಕ್‌ಸೆಕೆಂಡ್). ನಡುವಿನಿಂದ ಅಂಚಿಗೆ ಸುಮಾರು 240 ಆರ್ಕ್‌ಸೆಕೆಂಡ್. ಮೊಬೈಲಿನಲ್ಲಿ ಅವಳೇ ಭಾಗಿಸಿದಳು: 800 ವರ್ಷ.

"ಅಷ್ಟು ವರ್ಷ ಆಗಿಲ್ಲಲ್ಲ!"

ಇಲ್ಲೇ ಇರುವುದು ಸೊಗಸು. ಮೊದಮೊದಲು ಅಂಚು ಇನ್ನೂ ವೇಗವಾಗಿ ಓಡುತ್ತಿತ್ತು; ಸುತ್ತಲಿನ ಅನಿಲವನ್ನು ತಳ್ಳುತ್ತಾ ತಳ್ಳುತ್ತಾ ನಿಧಾನವಾಯಿತು. ಚೆನ್ನಾಗಿ ನಿಧಾನವಾದ ಮೇಲೆ ಸ್ಫೋಟದ ಅಲೆ ಹರಡುವ ಬಗೆಯನ್ನು ಹೇಳುವ ಸೆಡಾವ್ ಸೂತ್ರದಂತೆ ಆ 800ರಲ್ಲಿ ಐದನೇ ಎರಡು ಪಾಲು, 320 ವರ್ಷ, ಹಿಡಿಯಬೇಕು. ನಿಜವಾದ ವಯಸ್ಸು ಇವೆರಡರ ನಡುವೆ ಬಿದ್ದಿದೆ. ಅಂದರೆ ಟೈಕೋ ಅವಶೇಷ ಆ ಹಂತಕ್ಕೆ ಇನ್ನೂ ಪೂರ್ತಿ ತಲುಪಿಲ್ಲ. ಈ ಲೆಕ್ಕಕ್ಕೆ ದೂರ ಗೊತ್ತಿರಬೇಕಾಗಿಯೇ ಇಲ್ಲ, ನೋಡಿ.

ದೂರದ ಪಾಡು ಬೇರೆ. ಸಿಲಿಕಾನ್, ಕಬ್ಬಿಣದ ಎಕ್ಸ್‌-ರೇ ರೇಖೆಗಳು (ಆಯಾ ಧಾತು ಸೂಸುವ ನಿಗದಿತ ತರಂಗಾಂತರಗಳು) ತಮ್ಮ ಜಾಗದಿಂದ ಜರುಗಿದ್ದನ್ನು ಅಳೆದರೆ ಚೂರುಗಳ ವೇಗ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಅದನ್ನು ಆಕಾಶದಲ್ಲಿ ಅವು ವರ್ಷಕ್ಕೆ ಸರಿದಂತೆ ಕಾಣುವ ಕೋನದ ಜೊತೆ ಇಟ್ಟರೆ ದೂರ ಸಿಗುತ್ತದೆ. ದಾರಿಯಲ್ಲಿನ ಅನಿಲ ಕಡಿಮೆ ಶಕ್ತಿಯ ಎಕ್ಸ್‌-ರೇಗಳನ್ನು ಎಷ್ಟು ನುಂಗಿದೆ ಎಂಬುದೂ ಒಂದು ಸುಳಿವು. ಇಷ್ಟಾದರೂ ಅಂದಾಜು 8,000ದಿಂದ 13,000 ಜ್ಯೋತಿರ್ವರ್ಷಗಳ ನಡುವೆ ಓಲಾಡುತ್ತದೆ.

ಅವಳ ಪ್ರಶ್ನೆಗೆ ಸರಿಯಾದ ಉತ್ತರವೂ ಕುಂತಿಯಲ್ಲೇ ಇದೆ: ಕ್ಯಾಸಿಯೋಪಿಯಾ ಎ. ಆ ಸ್ಫೋಟವನ್ನು ಕಂಡೆನೆಂದು ಖಚಿತವಾಗಿ ಬರೆದಿಟ್ಟವರಿಲ್ಲ. ಚೂರುಗಳ ಓಟವನ್ನು ಹಿಂದಕ್ಕೆ ಎಣಿಸಿಯೇ ಅದರ ಬೆಳಕು 1680ರ ಆಸುಪಾಸಿನಲ್ಲಿ ನಮ್ಮನ್ನು ಮುಟ್ಟಿರಬೇಕೆಂದು ಹೇಳುತ್ತಾರೆ. ಅಷ್ಟೊತ್ತಿಗೆ ಬರೀದರ ಆಳ್ವಿಕೆ ಮುಗಿದು, ಬೀದರ್ ಮೊಘಲರ ಕೈ ಸೇರಿತ್ತು.