ಉಳದೆ ಉಳಿದ ನೆಲ

ಬೆಳಿಗ್ಗೆ ಅಮೆರಿಕದ ಕನ್ಸಾಸ್ ರಾಜ್ಯದ ಪೂರ್ವ ತುದಿಯ ಕನ್ಸಾಸ್ ಸಿಟಿ ಬಿಟ್ಟವರು ಈಗಷ್ಟೇ ಪಶ್ಚಿಮ ತುದಿಯ ಗುಡ್‌ಲ್ಯಾಂಡ್ ಮುಟ್ಟಿದೆವು. ರಾಜ್ಯ ಅದೇ, ಆದರೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಬೆನ್ನು ಸೋತಿದೆ, ಮನಸ್ಸು ಮಾತ್ರ ಇನ್ನೂ ದಾರಿಯಲ್ಲಿ ಸಿಕ್ಕ ಫ್ಲಿಂಟ್ ಹಿಲ್ಸ್ ಗುಡ್ಡಗಳಲ್ಲೇ ಇದೆ.

ಅಲ್ಲಿ ಸ್ಟ್ರಾಂಗ್ ಸಿಟಿ ಊರಿನ ಹತ್ತಿರದ ಪ್ರೇರಿ ಹುಲ್ಲುಗಾವಲಿನಲ್ಲಿ ಕಾರು ನಿಲ್ಲಿಸಿದ್ದೇ ತಡ, ಗದಗದಿಂದ ಬಂದಿರುವ ಅಪ್ಪ ನೇರ ಹುಲ್ಲಿನೊಳಗೆ ನಡೆದರು. ಎದೆಮಟ್ಟ ಬೆಳೆದ ಬಿಗ್ ಬ್ಲೂಸ್ಟೆಮ್ ಹುಲ್ಲು. ದಂಟಿಗೆ ಕೆಂಪು ತಿರುಗಿತ್ತು, ತುದಿಯ ತೆನೆ ಕೋಳಿಕಾಲಿನ ಹಾಗೆ ಮೂರಾಗಿ ಕವಲೊಡೆದಿತ್ತು. ಗಾಳಿ ಬೀಸಿದಾಗ ಇಡೀ ಗುಡ್ಡವೇ ಅಲೆಯಾಗಿ ಓಡುತ್ತಿತ್ತು.

"ಇಷ್ಟು ಛಲೋ ನೆಲ, ಯಾಕ ಬಿತ್ತಿಲ್ಲಪಾ ಇವ್ರು?"

ಮೇಲೆ ತೆಳು ಮಣ್ಣು, ಕೆಳಗೆ ಸುಣ್ಣಕಲ್ಲು, ನಡುನಡುವೆ ಫ್ಲಿಂಟ್ ಅನ್ನುವ ಗಟ್ಟಿ ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ದನ ಮೇಯಿಸಲು ಬಿಟ್ಟರು, ಹುಲ್ಲು ಬದುಕಿತು. ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಸುಮಾರು 17 ಕೋಟಿ ಎಕರೆ ಇದ್ದ ಈ ಎತ್ತರ ಹುಲ್ಲಿನ ಬಯಲಿನಲ್ಲಿ ಇವತ್ತು ಶೇ. 4ರಷ್ಟೂ ಉಳಿದಿಲ್ಲ. ಉಳಿದದ್ದರ ಬಹುಪಾಲು ಇಲ್ಲೇ.

ಅಪ್ಪ ಒಂದು ಚೂಪು ಕಲ್ಲನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು. "ಹಂಗಾರ ಕಲ್ಲು ಕಾಯ್ದೈತಿ" ಅಂದು ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟರು. ಎರೆಹೊಲದಲ್ಲಿ ಐವತ್ತು ವರ್ಷ ಕಲ್ಲು ಆರಿಸಿ ಬದುವಿಗೆ ಎಸೆದ ಕೈ ಅದು.

ಆಮೇಲೆ ಹೇಸ್ ದಾಟಿ ಬರೀ ಗೋಧಿ ಹೊಲ, ಗಾಳಿಯಂತ್ರ, ದೂರದಲ್ಲಿ ಬಿಳಿ ಕಣಜದ ಗೋಪುರಗಳು.

ಈಗ ಅಪ್ಪ ಅವ್ವನಿಗೆ ಫೋನ್ ಹಚ್ಚಿದ್ದಾರೆ. "ಹುಲ್ಲು ಇಲ್ಲಿಮಟ ಬರತೈತಿ ನೋಡ" ಅಂತ ಎದೆಯ ಮೇಲೆ ಕೈ ಇಟ್ಟು ತೋರಿಸುತ್ತಿದ್ದಾರೆ.