ಕಾರವಾರದ ಮರಳಿನಲ್ಲೊಂದು ಪ್ರೇಮನಡಿಗೆ

ಕಾರವಾರದ ಇತಿಹಾಸದಲ್ಲಿ ಒಲವು ಎಲ್ಲೆಲ್ಲಿ ಸುಳಿದಿದೆ ಎಂಬುದನ್ನು ನಡೆಸಿ ತೋರಿಸುವ ಸಂಜೆಯ ನಡಿಗೆಗೆ ಶಿರಸಿಯಿಂದ ನಾವು ಐವರು ಹೋಗಿದ್ದೆವು. ರಾಜರಾಣಿಯರ ಪ್ರಣಯಕಥೆಗಳ ಆಸೆಯಿಂದ ಹೊರಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಕೇಳಸಿಗುವುದು ಬಹುಮಟ್ಟಿಗೆ ಒಬ್ಬ ತರುಣನ ಕಥೆ.

ಆತ ರವೀಂದ್ರನಾಥ ಟ್ಯಾಗೋರ್. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರ ಮನೆಗೆ ಬಂದಿದ್ದ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಈ ಊರಿನಲ್ಲಿಯೇ. ಮಮತೆಯ ಎಲ್ಲ ಬಂಧಗಳನ್ನೂ ಕಡಿದುಕೊಂಡೆನೆಂದು ಬೀಗುವ ಸಂನ್ಯಾಸಿಯನ್ನು ಬಾಲಕಿಯೊಬ್ಬಳ ಅಕ್ಕರೆ ಮರಳಿ ಲೋಕಕ್ಕೆ ಎಳೆತರುವುದು ಅದರ ತಿರುಳು. ಕಾರವಾರದಿಂದ ಹಿಂತಿರುಗಿದ ಸ್ವಲ್ಪ ಕಾಲಕ್ಕೆ, 1883ರ ಡಿಸೆಂಬರ್ 9ರಂದು, ಇಪ್ಪತ್ತೆರಡರ ಹರೆಯದ ಅವರಿಗೆ ಮೃಣಾಲಿನಿಯವರೊಂದಿಗೆ ಮದುವೆಯಾಯಿತು. ನಮ್ಮ ಮಾರ್ಗದರ್ಶಿ ಈ ಮದುವೆಯನ್ನೂ ಕಡಲತೀರದ ಪ್ರಣಯಕ್ಕೆ ಗಂಟುಹಾಕಿದ್ದು ನನಗೆ ಹಿಡಿಸಲಿಲ್ಲ. ವಧು ಇನ್ನೂ ಚಿಕ್ಕ ಹುಡುಗಿ, ಸಂಬಂಧ ಹಿರಿಯರು ಕುದುರಿಸಿದ್ದು.

ನಡಿಗೆ ಟ್ಯಾಗೋರ್ ಕಡಲತೀರದಿಂದ ಆರಂಭವಾಗಿ, ಯುದ್ಧನೌಕೆಯ ವಸ್ತುಸಂಗ್ರಹಾಲಯವನ್ನು ಹಾದು, ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದತ್ತ ಸಾಗುತ್ತದೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ ಕಾಣುತ್ತದೆ. ಬೆಳದಿಂಗಳ ರಾತ್ರಿಯೊಂದರಲ್ಲಿ ರವೀಂದ್ರರು ದೋಣಿಯಲ್ಲಿ ಕಾಳಿಯ ಮೇಲ್ಹರಿವಿನತ್ತ ಹೋಗಿ, ಹಳೆಯ ಕೋಟೆಯೊಂದರ ಬುಡದಲ್ಲಿ ರೈತನ ಅಂಗಳದಲ್ಲಿ ಕುಳಿತು ಉಂಡು, ಇಳಿತದ ನೀರಿನೊಂದಿಗೆ ನಿಧಾನವಾಗಿ ತೇಲಿ ಬಂದು, ನದೀಮುಖದಲ್ಲಿಯೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಬರೆದಿಟ್ಟಿದ್ದಾರೆ. ಆದ್ದರಿಂದ ಕೋಡಿಬಾಗದಲ್ಲಿ ರಿಕ್ಷಾ ಹತ್ತದೆ ಮರಳಿನ ಮೇಲೆಯೇ ಹಿಂದಕ್ಕೆ ನಡೆಯಿರಿ; ಅವರ ಜಾಡು ನಿಜವಾಗಿ ಸಿಗುವುದು ಹೋಗುವಾಗಲ್ಲ, ಬರುವಾಗ.

ದಿನವನ್ನು ಆಯ್ದುಕೊಳ್ಳುವಾಗ ಹುಣ್ಣಿಮೆಗಿಂತ ಎರಡು ಮೂರು ದಿನ ಮುಂಚಿನದು ಮೇಲು. ಹುಣ್ಣಿಮೆಯಂದು ಚಂದ್ರ ಮೂಡಣದ ಗುಡ್ಡಗಳನ್ನು ದಾಟಿ ಬರುವಷ್ಟರಲ್ಲಿ ನಡಿಗೆ ಅರ್ಧ ಮುಗಿದಿರುತ್ತದೆ. ಮುಂಚಿನ ದಿನಗಳಲ್ಲಾದರೆ ಕತ್ತಲಾಗುವ ಹೊತ್ತಿಗೆ ಅವನು ಮೇಲೇರಿರುತ್ತಾನೆ. ಮಳೆಗಾಲ ಬೇಡ. ಉಬ್ಬರ ಇಳಿತದ ಸಮಯವನ್ನು ಮೀನುಗಾರರಲ್ಲಿ ಕೇಳಿಕೊಳ್ಳಿ, ಏಕೆಂದರೆ ಉಬ್ಬರದಲ್ಲಿ ಕಾಲಿಗೆ ಸಿಗುವುದು ಮೇಲಿನ ಸಡಿಲ ಮರಳು ಮಾತ್ರ. ದೋಣಿಯೂ ಸೇರಿದೆಯೆಂದು ನಮಗೆ ಹೇಳಲಾಗಿತ್ತು, ದಡದಲ್ಲಿ ದೋಣಿಯೇ ಇರಲಿಲ್ಲ; ಹಣ ಕೊಡುವ ಮುನ್ನ ಖಚಿತಪಡಿಸಿಕೊಳ್ಳಿ. ಅದೇ ರಾತ್ರಿ ಘಟ್ಟ ಹತ್ತಿ ಶಿರಸಿಗೆ ಮರಳುವ ಯೋಚನೆ ಬಿಟ್ಟು ಊರಿನಲ್ಲಿಯೇ ಉಳಿದುಕೊಂಡರೆ, ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಎಷ್ಟು ನಿಧಾನವಾಗಿ ಬೇಕಾದರೂ ನಡೆಯಬಹುದು.