‘ಸ’ ಒತ್ತಿದರೆ ತಂಬೂರಿ ನಿಂತಿತು

ಪುಣೆಯ ಕೊಥ್ರೂಡಿನಲ್ಲಿರುವ ನಮ್ಮ ಕಚೇರಿಯಲ್ಲಿ ಎಂಟೇ ಜನ. ಶಾಲೆಗಳಿಗೆ ಬೇಕಾದ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕಸುಬು. ಒಂದು ಸಂಗೀತ ತರಗತಿಯವರು ಬಂದು, ಹಾರ್ಮೋನಿಯಂ ಕೊಳ್ಳಲಾಗದ ಮಕ್ಕಳು ಮನೆಯ ಕಂಪ್ಯೂಟರಿನಲ್ಲೇ ಸ್ವರಾಭ್ಯಾಸ ಮಾಡುವಂತಾಗಬೇಕು ಎಂದರು. ಹಿಂದೆ ತಂಬೂರಿ ಮೀಟುತ್ತಿರಬೇಕು, ಕೀಲಿಮಣೆಯ ಕೀಲಿ ಒತ್ತಿದರೆ ಸ್ವರ ಬರಬೇಕು, ಬಿಟ್ಟರೆ ನಿಲ್ಲಬೇಕು. ಕೇಳಿದವರು ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ನಾನೂ ಒಂದು ವಾರ ಸಾಕು ಎಂದುಬಿಟ್ಟೆ. ಹಿಡಿದದ್ದು ಎರಡೂವರೆ ತಿಂಗಳು.

ಮೊದಲ ದಿನ ವಿಂಡೋಸ್‌ನ ಪ್ಲೇಸೌಂಡ್ ಎಂಬ ಹಳೆಯ ಸೌಲಭ್ಯವನ್ನು ಹಿಡಿದುಕೊಂಡೆ. ಕೀಲಿ ಬಂತೇ ನೋಡು, ಬಂದರೆ ಆ ಸ್ವರದ ಫೈಲನ್ನು ನುಡಿಸು, ಮತ್ತೆ ಕೀಲಿ ನೋಡು. ಪ್ರತಿ ಸ್ವರವೂ ಎರಡು ಸೆಕೆಂಡಿನ ಧ್ವನಿಮುದ್ರಣ. ‘ಸ’ದಿಂದ ಮೇಲಿನ ‘ಸ’ದವರೆಗೆ ಎಂಟು ಕೀಲಿಗಳನ್ನು ಸರಸರನೆ ಒತ್ತಿ, ಎದ್ದು ನೀರು ಕುಡಿದು ಬಂದು ಕುಳಿತರೆ ಅದು ಇನ್ನೂ ‘ಪ’ದಲ್ಲಿತ್ತು. ಒಂದು ಸ್ವರ ನುಡಿದು ಮುಗಿಯುವವರೆಗೆ ಪ್ರೋಗ್ರಾಂ ಅಲ್ಲೇ ನಿಂತಿರುತ್ತಿತ್ತು. ಅಷ್ಟರಲ್ಲಿ ಒತ್ತಿದ ಕೀಲಿಗಳೆಲ್ಲ ಪಡಿತರ ಅಂಗಡಿಯ ಮುಂದಿನ ಜನರಂತೆ ಸಾಲು ಹಚ್ಚಿದ್ದವು.

ಕಾಯದೆ ಮುಂದೆ ಹೋಗು ಎಂದು ಹೇಳುವ ಆಯ್ಕೆಯೂ ಅದರಲ್ಲಿದೆ. ಅದನ್ನು ಹಾಕಿದೆ. ಕೀಲಿಗಳು ಚುರುಕಾದವು, ಆದರೆ ‘ಸ’ ಒತ್ತಿದೊಡನೆ ತಂಬೂರಿ ಗಪ್ಪಾಯಿತು. ಪ್ಲೇಸೌಂಡ್ ಒಂದು ಸಮಯಕ್ಕೆ ಒಂದೇ ಧ್ವನಿಯನ್ನು ನುಡಿಸುತ್ತದೆ. ಹೊಸದನ್ನು ಕೊಟ್ಟರೆ ಹಳೆಯದನ್ನು ಕೈಬಿಡುತ್ತದೆ. ‘ಮೇಲ್ ಬಂದಿದೆ’ ಎಂದು ಟಿಣ್ ಎನ್ನಿಸಲು ಅದು ಸಾಕು, ಶ್ರುತಿ ಹಿಡಿದು ಕೂರಲು ಸಾಲದು. ಆಮೇಲೆ ಪ್ರತಿ ಕೀಲಿಗೂ ಒಂದೊಂದು ಹೊಸ ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೇ ಪಕ್ಕಪಕ್ಕದಲ್ಲಿ ಓಡುವ ಕೆಲಸದ ಎಳೆ, ಹುಟ್ಟಿಸಿ ನೋಡಿದೆ. ಅದರ ಕಥೆ ಬೇಡ, ಒಂದೇ ಸಂಜೆಯಲ್ಲಿ ಅಳಿಸಿ ಹಾಕಿದೆ.

ಕೊನೆಗೆ ದಾರಿ ಸಿಕ್ಕಿದ್ದು ಪಕ್ಕದ ಉಡುಪಿ ಹೋಟೆಲಿನಲ್ಲಿ ಎಂದರೆ ನನ್ನ ಬೆಳಗಾವಿಯ ಸಹೋದ್ಯೋಗಿ ಈಗಲೂ ನಗುತ್ತಾಳೆ. ಅಲ್ಲಿ ದೋಸೆ ಹುಯ್ಯುವವನು ಕಾವಲಿ ಬಿಟ್ಟು ಕದಲುವುದಿಲ್ಲ. ಮಾಣಿ ಬಂದು ಚೀಟಿ ಸಿಕ್ಕಿಸಿ ಹೋಗುತ್ತಾನೆ. ಇವನು ಹಂಚಿನ ಮೇಲಿನದನ್ನು ತೆಗೆದು, ಒಮ್ಮೆ ಚೀಟಿಯತ್ತ ಕಣ್ಣು ಹಾಯಿಸಿ, ಮುಂದಿನದನ್ನು ಹುಯ್ಯುತ್ತಾನೆ. ಮಾಣಿ ದೋಸೆಗಾಗಿ ನಿಲ್ಲುವುದಿಲ್ಲ, ಇವನು ಮಾಣಿಗಾಗಿ ನಿಲ್ಲುವುದಿಲ್ಲ.

ಧ್ವನಿಯ ಕೆಲಸವೂ ಹಾಗೆಯೇ. ಧ್ವನಿಯ ಅಲೆಯ ಒಂದೊಂದು ಅಳತೆಗೆ ಮಾದರಿ ಎನ್ನುತ್ತಾರೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಸೌಂಡ್ ಕಾರ್ಡ್ ಧ್ವನಿಯನ್ನು ಕಂತುಕಂತಾಗಿ ಕೇಳುತ್ತಲೇ ಇರುತ್ತದೆ. ಕಂತಿಗೆ 512 ಮಾದರಿ ಎಂದಿಟ್ಟರೆ ಸುಮಾರು 11.6 ಮಿಲಿಸೆಕೆಂಡಿಗೆ ಒಮ್ಮೆ. ಕೇಳಿದಾಗಲೆಲ್ಲ ನಾವು ಬರೆದ ಒಂದು ಕಾಲ್‌ಬ್ಯಾಕ್, ಅಂದರೆ ಕರೆ ಬಂದಾಗ ಓಡುವ ಕೋಡಿನ ತುಣುಕು, ಓಡುತ್ತದೆ. ತಂಬೂರಿಯನ್ನೂ ಒತ್ತಿದ ಸ್ವರಗಳನ್ನೂ ಕೂಡಿಸಿ ಅದು ಕಂತು ತುಂಬಿ ಕೊಡಬೇಕು. ತಡವಾದರೆ ಸ್ಪೀಕರಿನಲ್ಲಿ ಚಟ್ ಎಂಬ ಸದ್ದು. ಕೀಲಿ ನೋಡುವ ಭಾಗ ಮಾಡಬೇಕಾದದ್ದು ಇಷ್ಟೇ: ‘ಗ ಒತ್ತಿದೆ’, ‘ಗ ಬಿಟ್ಟಿದೆ’ ಎಂದು ಒಂದು ಚಿಕ್ಕ ವರ್ತುಲದ ಸಾಲಿನಲ್ಲಿ ಚೀಟಿ ಹಾಕಿ ಹೋಗುವುದು. ಒಬ್ಬರು ಬರೆಯುವುದು ಮಾತ್ರ, ಇನ್ನೊಬ್ಬರು ಓದುವುದು ಮಾತ್ರ, ಒಬ್ಬರು ಮುಟ್ಟುವಾಗ ಇನ್ನೊಬ್ಬರನ್ನು ಕಾಯಿಸುವ ಬೀಗದ ಅಗತ್ಯವೇ ಇಲ್ಲ.

ಬೀಗದ ಮಾತು ಸುಮ್ಮನೆ ಬಂದದ್ದಲ್ಲ. ಮೊದಲು ನಾನು ಎರಡೂ ಕಡೆಯವರು ಮುಟ್ಟುವ ಒಂದು ಪಟ್ಟಿ ಇಟ್ಟು, ಅದಕ್ಕೆ ಬೀಗ ಹಾಕಿದ್ದೆ. ಪರದೆಯ ಮೇಲೆ ಹಾರ್ಮೋನಿಯಂ ಚಿತ್ರ ಬಿಡಿಸುವ ಭಾಗ ಆ ಬೀಗ ಹಿಡಿದು ನಿಧಾನವಾಗಿ ಬಣ್ಣ ತುಂಬುತ್ತಿದ್ದರೆ, ಧ್ವನಿಯ ಭಾಗ ಬಾಗಿಲಲ್ಲಿ ನಿಂತಿರುತ್ತಿತ್ತು. ಸಾಲದೆಂಬಂತೆ, ಯಾವ ಕೀಲಿ ಬಂತೆಂದು ಫೈಲಿಗೆ ಬರೆಯುವ ಸಾಲೊಂದನ್ನು ಕಾಲ್‌ಬ್ಯಾಕಿನೊಳಗೇ ಮರೆತಿದ್ದೆ. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಏನೂ ತಿಳಿಯಲಿಲ್ಲ. ತರಗತಿಯವರ ಹಳೆಯ ಕಂಪ್ಯೂಟರಿನಲ್ಲಿ ಒಗ್ಗರಣೆ ಸಿಡಿದಂತೆ ಸಿಡಿಯಿತು. ಫೈಲು, ಬೀಗ, ಮೆಮೊರಿ ಕೇಳುವುದು, ಇವು ಮೂರೂ ಕಾವಲಿಯ ಹತ್ತಿರ ಸುಳಿಯಬಾರದು.

ಇನ್ನೊಂದು ಸಿಡಿತಕ್ಕೆ ಕಾರಣ ಬೇರೆ. 16 ಬಿಟ್‌ನ ಮಾದರಿಯಲ್ಲಿ ಅತಿ ದೊಡ್ಡ ಅಂಕಿ 32,767. ತುಂಬು ದನಿಯ ಮೂರು ಸ್ವರಗಳನ್ನು ಹಾಗೆಯೇ ಕೂಡಿಸಿದರೆ ಮೊತ್ತ ಅದನ್ನು ದಾಟಿ ಋಣ ಸಂಖ್ಯೆಯಾಗಿ ಪಲ್ಟಿ ಹೊಡೆಯುತ್ತದೆ. ಕೂಡಿಸುವ ಮೊದಲೇ ಪ್ರತಿ ಸ್ವರವನ್ನೂ ತಗ್ಗಿಸಿದೆ. ಬಿಟ್ಟ ಸ್ವರವನ್ನು ತಟ್ಟನೆ ಕತ್ತರಿಸದೆ ಹತ್ತು ಮಿಲಿಸೆಕೆಂಡಿನಲ್ಲಿ ಇಳಿಸಿದೆ. ಕತ್ತರಿಸಿದರೆ ಅಲ್ಲೂ ಟಿಕ್ ಎನ್ನುತ್ತದೆ.

ಇಷ್ಟಾದ ಮೇಲೆ ಕಾಕಾ ಬಂದರು. ಕುಂದಗೋಳದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷವಾಗಿದೆ. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿದ್ದು ಭಜನೆಗಳಿಗೆ ಹಾರ್ಮೋನಿಯಂ ಸಾಥ್ ಕೊಡುತ್ತಾರೆ. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ನೆನಪಿಗೆಂದು ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಆರಂಭಿಸಿದ ಉತ್ಸವ ಅವರಿಗೆ ಊರ ಜಾತ್ರೆ ಇದ್ದಂತೆ. ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಿಂದ ಮೂರು ದಶಕ ಹೊರಗಿಟ್ಟಿದ್ದ ಸಿಟ್ಟು ಇನ್ನೂ ಇಳಿದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಒಂದು ಸಣ್ಣ ತಾನ್ ನುಡಿಸಿ ಕೈ ಹಿಂದೆಗೆದರು.

“ತಂಗೀ, ಇದು ನಾನು ಹೇಳಿದ್ದನ್ನು ಕೇಳಿಸಿಕೊಂಡು, ಯೋಚನೆ ಮಾಡಿ, ಆಮೇಲೆ ಹಾಡುತ್ತದೆ.”

“ಕಾಕಾ, ನನಗೇನೂ ತಡ ಅನ್ನಿಸುವುದಿಲ್ಲವಲ್ಲ?”

“ನೀನು ಒಂದೊಂದೇ ಒತ್ತುತ್ತೀಯ. ನುಡಿಸಿ ನೋಡು.”

ಅಳತೆ ಮಾಡದೆ ವಾದ ಮಾಡಬಾರದೆಂದು ಕೀಲಿಮಣೆಯ ಪಕ್ಕದಲ್ಲಿ ಮೊಬೈಲ್ ಇಟ್ಟು ಧ್ವನಿಮುದ್ರಿಸಿದೆ. ಕೀಲಿಯ ಟಕ್ ಸದ್ದೂ ಸ್ಪೀಕರಿನ ಸ್ವರವೂ ಒಂದೇ ಮುದ್ರಣದಲ್ಲಿ ಸಿಗುತ್ತವೆ. ಅಲೆಯ ಚಿತ್ರ ತೆರೆದು ನಡುವಿನ ಅಂತರ ನೋಡಿದರಾಯಿತು. ಯಾವ ಉಪಕರಣವೂ ಬೇಡ. ನೂರಿಪ್ಪತ್ತು ಮಿಲಿಸೆಕೆಂಡು ತೋರಿಸಿತು. ಚಟ್ ಸದ್ದಿಗೆ ಹೆದರಿ ನಾನೇ ಕಂತನ್ನು 4096ಕ್ಕೆ ಏರಿಸಿದ್ದೆ, ಅದೊಂದೇ 93 ಮಿಲಿಸೆಕೆಂಡು. ಜೊತೆಗೆ ಪರದೆ ಬಿಡಿಸುವಾಗ ಮಾತ್ರ, ಅಂದರೆ ಸೆಕೆಂಡಿಗೆ ಅರವತ್ತು ಸಲ, ಕೀಲಿ ನೋಡುತ್ತಿದ್ದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡು ಬೇಕು. ಆ ಲೆಕ್ಕದಲ್ಲಿ ಕಾಕಾ ತಮ್ಮಿಂದ ನಲವತ್ತು ಮೀಟರ್ ದೂರದಲ್ಲಿಟ್ಟ ಪೆಟ್ಟಿಗೆಯನ್ನು ನುಡಿಸುತ್ತಿದ್ದರು. ಕಂತನ್ನು 512ಕ್ಕೆ ಇಳಿಸಿ, ಕೀಲಿಯ ಸುದ್ದಿಯನ್ನು ಬಂದ ಕ್ಷಣದಲ್ಲೇ ಚೀಟಿ ಮಾಡಿದ ಮೇಲೆ ಅಂತರ ಮೂವತ್ತರ ಆಸುಪಾಸಿಗೆ ಬಂತು. ಕಾಕಾ ಏನೂ ಹೇಳಲಿಲ್ಲ, ಅರ್ಧ ಗಂಟೆ ನುಡಿಸಿದರು.

ಧ್ವನಿಯ ಕಡೆ ಮುಗಿಯಿತು ಎಂದುಕೊಂಡರೆ ಕೀಲಿಮಣೆಯ ಕಾಟ ಶುರುವಾಯಿತು. ಕೀಲಿ ಒತ್ತಿಹಿಡಿದರೆ ವಿಂಡೋಸ್ ‘ಒತ್ತಿದೆ, ಒತ್ತಿದೆ’ ಎಂದು ಮತ್ತೆ ಮತ್ತೆ ಸುದ್ದಿ ಕಳುಹಿಸುತ್ತದೆ. ಅಕ್ಷರ ಬರೆಯುವವರಿಗೆ ಅದು ಉಪಕಾರ, ಸ್ವರ ಹಿಡಿಯುವವರಿಗೆ ಮಂಜೀರದಂತೆ ಟಟಟಟ. ಯಾವ ಕೀಲಿ ಈಗಾಗಲೇ ಕೆಳಗಿದೆ ಎಂಬ ಪಟ್ಟಿ ಇಟ್ಟುಕೊಂಡು ಎರಡನೆಯ ‘ಒತ್ತಿದೆ’ಗಳನ್ನು ಎಸೆಯಬೇಕಾಯಿತು.

ಒಂದು ದಿನ ಕಾಕಾರ ಮನೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಪೂರ್ತಿ ಮೂಕವಾಗಿತ್ತು. ನೆನಪಿಡಲು ಸುಲಭವೆಂದು ಇಂಗ್ಲಿಷ್ ‘ಎಸ್’ ಕೀಲಿಗೆ ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಕೊಟ್ಟಿದ್ದೆವು. ಅವರು ಮೊಮ್ಮಗಳಿಗೆ ಪತ್ರ ಬರೆಯಲು ಕನ್ನಡ ಕೀಲಿಮಣೆ ವಿನ್ಯಾಸ ಹಾಕಿಕೊಂಡಿದ್ದರು. ಆ ಕೀಲಿಯಿಂದ ಬಂದದ್ದು ‘ಸ’. ನಮ್ಮ ಸಂಗೀತದ ಪ್ರೋಗ್ರಾಮಿಗೆ ‘ಸ’ ಗೊತ್ತಿರಲಿಲ್ಲ! ಕನ್ನಡದವಳಾದ ನನಗೆ ಇದಕ್ಕಿಂತ ನಾಚಿಕೆಯ ದೋಷ ಇನ್ನೊಂದಿಲ್ಲ. ಅಂದಿನಿಂದ ಅಕ್ಷರವನ್ನು ಕೇಳುವುದು ಬಿಟ್ಟು, ಕೀಲಿ ಮಣೆಯ ಮೇಲೆ ಯಾವ ಜಾಗದಲ್ಲಿದೆ ಎಂದು ಹೇಳುವ ಸ್ಕ್ಯಾನ್ ಕೋಡನ್ನು ಓದುತ್ತೇವೆ.

ಮೂರು ಕೀಲಿ ಒಟ್ಟಿಗೆ ಒತ್ತಿದರೆ ಮೂರನೆಯದು ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ಎರಡು ದಿನ ನನ್ನ ಕೋಡನ್ನೇ ಶಪಿಸಿದೆ. ನೋಟ್‌ಪ್ಯಾಡ್ ತೆರೆದು ಅದೇ ಮೂರನ್ನು ಒತ್ತಿದಾಗ ಅಲ್ಲೂ ಎರಡೇ ಅಕ್ಷರ. ಅಗ್ಗದ ಕೀಲಿಮಣೆಗಳಲ್ಲಿ ಕೀಲಿಗಳು ಅಡ್ಡ–ಉದ್ದ ತಂತಿಗಳ ಜಾಲದಲ್ಲಿ ಕೂತಿರುತ್ತವೆ. ಎರಡು ಕೀಲಿ ಯಾವಾಗಲೂ ತಿಳಿಯುತ್ತವೆ. ಆಯತದ ಮೂರು ಮೂಲೆ ಒತ್ತಿದರೆ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುವುದರಿಂದ, ಮೋಸ ಹೋಗದಿರಲು ಕೀಲಿಮಣೆಯೇ ಬಾಯಿ ಮುಚ್ಚುತ್ತದೆ. ಇದಕ್ಕೆ ಕೋಡಿನಲ್ಲಿ ಮದ್ದಿಲ್ಲ. ‘ಸ’ವನ್ನು ಒಮ್ಮೆ ಒತ್ತಿದರೆ ತಾನೇ ಹಿಡಿದು ನಿಲ್ಲುವ ಒಂದು ಆಯ್ಕೆ ಕೊಟ್ಟು, ಬೆರಳೊಂದನ್ನು ಉಳಿಸಿದೆವು.

ತರಗತಿಯವರಿಗೆ ತೋರಿಸುವ ದಿನ ನಮ್ಮ ಮಾಲೀಕರು ‘ಪ’ ಹಿಡಿದಿದ್ದಾಗಲೇ ಬೇರೊಂದು ಕಿಟಕಿ ಪರದೆಯ ಮೇಲೆ ಎದ್ದಿತು. ಅವರು ಬೆರಳು ತೆಗೆದರು. ‘ಬಿಟ್ಟಿದೆ’ ಎಂಬ ಸುದ್ದಿ ಆ ಕಿಟಕಿಗೆ ಹೋಯಿತು, ನಮಗೆ ಬರಲಿಲ್ಲ. ಪಂಚಮ ನಿಲ್ಲಲೇ ಇಲ್ಲ. ಮಾಲೀಕರು ಮರಾಠಿಯಲ್ಲಿ ಗಂಭೀರವಾಗಿ, ಇದು ದೀರ್ಘ ಸ್ವರದ ಅಭ್ಯಾಸಕ್ಕೆ ಎಂದು ವಿವರಿಸಿದರು. ಗ್ರಾಹಕರು ತಲೆಯಾಡಿಸಿ ಬರೆದುಕೊಂಡರು. ಅಂದು ರಾತ್ರಿಯೇ ಕುಳಿತು, ಕಿಟಕಿಯಿಂದ ಗಮನ ತಪ್ಪಿದೊಡನೆ ಎಲ್ಲ ಕೀಲಿಗಳೂ ಬಿಟ್ಟಂತೆ ಲೆಕ್ಕ ಹಿಡಿಯುವ ಸಾಲು ಸೇರಿಸಿದೆ.

ಕೊನೆಯ ಆವೃತ್ತಿ ಹೊರಟ ವಾರ ಕಾಕಾ ಮತ್ತೆ ಮೆಟ್ಟಿಲು ಹತ್ತಿ ಬಂದರು. “ತಂಗೀ, ಮತ್ತೆ ಯೋಚನೆ ಮಾಡಲು ಶುರು ಮಾಡಿದೆ.” ನನ್ನ ಎದೆ ಧಸಕ್ಕೆಂದಿತು. ಕೋಡಿನಲ್ಲಿ ಬದಲಾದದ್ದೇನೂ ಇರಲಿಲ್ಲ. ತಲೆಯೆತ್ತಿ ನೋಡಿದರೆ ಕಾಕಾರ ಕಿವಿಯಲ್ಲಿ ಮಗ ಕೊಡಿಸಿದ ಬ್ಲೂಟೂತ್ ಇಯರ್‌ಫೋನ್. ತಂತಿಯಿಲ್ಲದ ಆ ದಾರಿಯಲ್ಲಿ ಸ್ವರ ಕಿವಿಗೆ ತಡವಾಗಿಯೇ ತಲುಪುತ್ತದೆ. ನನ್ನ ಮೇಜಿನ ಡ್ರಾಯರಿನಿಂದ ತಂತಿಯ ಇಯರ್‌ಫೋನ್ ತೆಗೆದು ಕೊಟ್ಟೆ. ಅದು ಇಂದಿಗೂ ಕೆಳಗಿನ ಮನೆಯಲ್ಲೇ ಇದೆ.